ಶ್ರೀಲಂಕಾದ ಸುಧಾರಣೆ: ಸಹಿ ಅಧ್ಯಕ್ಷರದು, ಲೆಕ್ಕ ಅಧಿಕಾರಿಯದು

2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕಾದ ಮೇಲೆ ಎರಗಿ ಆರುನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕ್ಯಾಂಡಿ, ಬದುಲ್ಲ, ನುವರ ಎಲಿಯ ಭಾಗದ ಗುಡ್ಡಗಳು ಕುಸಿದವು, ಊರಿಗೆ ಊರೇ ಮಣ್ಣಿನಡಿ ಸೇರಿದ ಸುದ್ದಿಗಳು ಬಂದವು. ಮೂರು ವಾರಗಳ ನಂತರ, ಡಿಸೆಂಬರ್ 19ರಂದು, ಅಂತಾರಾಷ್ಟ್ರೀಯ ಹಣಕಾಸು ನಿಧಿ ಅಂದರೆ ಐಎಂಎಫ್ ಆ ದೇಶಕ್ಕೆ 20.6 ಕೋಟಿ ಡಾಲರ್ ತುರ್ತು ನೆರವನ್ನು ಮಂಜೂರು ಮಾಡಿತು. ಆದರೆ ಅದೇ ಡಿಸೆಂಬರ್‌ನಲ್ಲಿ ಬರಬೇಕಿದ್ದ, ಅಕ್ಟೋಬರ್‌ನಲ್ಲಿಯೇ ಮಾತುಕತೆ ಮುಗಿದಿದ್ದ ಸುಮಾರು 34.7 ಕೋಟಿ ಡಾಲರಿನ, ಐಎಂಎಫ್‌ನ ಸುಧಾರಣಾ ಸಾಲದ ಕಂತು ಮುಂದಕ್ಕೆ ಹೋಯಿತು. ದೇಶಕ್ಕೆ ಹಣದ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದ್ದ ಹೊತ್ತಿನಲ್ಲಿ ದೊಡ್ಡ ಮೊತ್ತ ನಿಂತು ಸಣ್ಣ ಮೊತ್ತ ಬಂದದ್ದೇಕೆ ಎಂಬುದು ಹಲವರಿಗೆ ಒಗಟಾಯಿತು. ಐಎಂಎಫ್ ಕೈ ಕೊಟ್ಟಿತು ಎಂದು ಕೆಲವರು ಬರೆದರು, ಸರ್ಕಾರ ಷರತ್ತು ಪಾಲಿಸಲಿಲ್ಲ ಎಂದು ಇನ್ನು ಕೆಲವರು.

ಎರಡೂ ಸರಿಯಲ್ಲ. ತುರ್ತು ನೆರವಿನ ಖಾತೆಯಿಂದ ಬರುವ ಹಣಕ್ಕೆ ಮುಂದಿನ ಷರತ್ತುಗಳಿಲ್ಲ, ಅದು ಒಂದೇ ಸಲಕ್ಕೆ ಬಂದು ಮುಗಿಯುತ್ತದೆ. ಸುಧಾರಣಾ ಕಾರ್ಯಕ್ರಮದ ಕಂತಿನ ಹಿಂದೆ ಮಾತ್ರ ಒಂದು ದೊಡ್ಡ ಕೋಷ್ಟಕವಿರುತ್ತದೆ. ಮುಂದಿನ ವರ್ಷ ತೆರಿಗೆ ಎಷ್ಟು ಬರುತ್ತದೆ, ಖರ್ಚು ಎಷ್ಟು, ಆರ್ಥಿಕತೆ ಎಷ್ಟು ಬೆಳೆಯುತ್ತದೆ, ಡಾಲರ್ ಮೀಸಲು ಎಲ್ಲಿಗೆ ಮುಟ್ಟುತ್ತದೆ ಎಂಬ ಅಂದಾಜುಗಳ ಕೋಷ್ಟಕ ಅದು. ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಒಪ್ಪಿದ್ದ ಕೋಷ್ಟಕ ಚಂಡಮಾರುತ ಬಡಿಯದ ಶ್ರೀಲಂಕಾದ್ದು. ಸೇತುವೆ, ರೈಲುಮಾರ್ಗ, ಗದ್ದೆಗಳು ಹಾಳಾದ ಮೇಲೆ ಆ ಅಂಕಿಗಳನ್ನು ಮುಂದಿಟ್ಟುಕೊಂಡು ಮತ ಹಾಕುವಂತೆ ವಾಷಿಂಗ್ಟನ್ನಿನ ಐಎಂಎಫ್ ಮಂಡಳಿಯನ್ನು ಕೇಳಲಾಗದು. ಹೊಸದಾಗಿ ಲೆಕ್ಕ ಹಾಕಬೇಕು, ಅದಕ್ಕೆ ಸಮಯ ಬೇಕು.

ಆ ಲೆಕ್ಕ ಹಾಕುವವರು ಯಾರು? ಸುದ್ದಿಯಲ್ಲಿ ಅಧ್ಯಕ್ಷರ ಹೆಸರಿರುತ್ತದೆ, ಐಎಂಎಫ್ ತಂಡದ ಮುಖ್ಯಸ್ಥರ ಹೆಸರಿರುತ್ತದೆ. ಕೊಲಂಬೊದ ಖಜಾನೆ ಕಚೇರಿಯಲ್ಲೋ ಕೇಂದ್ರ ಬ್ಯಾಂಕಿನ ಸಂಶೋಧನಾ ವಿಭಾಗದಲ್ಲೋ ಕುಳಿತ ಆರ್ಥಿಕ ನೀತಿ ಅಧಿಕಾರಿಯ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ಒಂದು ದೇಶದ ಸುಧಾರಣೆ ಯಾರಿಗೆ ಎಷ್ಟು ಭಾರವಾಗಬೇಕು ಎಂಬುದರ ದೊಡ್ಡ ಪಾಲು ಆ ಮಟ್ಟದಲ್ಲಿಯೇ ತೀರ್ಮಾನವಾಗುತ್ತದೆ.

ಬೊಕ್ಕಸ ಬರಿದಾದ ಬಗೆ

ಹಿನ್ನೆಲೆಯನ್ನು 2019ರ ಡಿಸೆಂಬರ್‌ನಿಂದ ನೋಡಬೇಕು. ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಗೋಟಬಯ ರಾಜಪಕ್ಸ ಸರ್ಕಾರ ವ್ಯಾಟ್ ದರವನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು. ದರ ಇಳಿಕೆಗಿಂತಲೂ ಹೆಚ್ಚು ಹಾನಿ ಮಾಡಿದ್ದು ಇನ್ನೊಂದು ಬದಲಾವಣೆ. ವರ್ಷಕ್ಕೆ 1.2 ಕೋಟಿ ರೂಪಾಯಿ ವಹಿವಾಟು ದಾಟಿದವರು ವ್ಯಾಟ್ ನೋಂದಣಿ ಮಾಡಿಸಬೇಕೆಂಬ ಮಿತಿಯನ್ನು 30 ಕೋಟಿಗೆ ಏರಿಸಲಾಯಿತು. ಈ ಎರಡು ಮಿತಿಗಳ ನಡುವೆ ಇದ್ದ ಅಂಗಡಿ, ಹೋಟೆಲು, ಗುತ್ತಿಗೆದಾರರೆಲ್ಲ ಒಂದೇ ಆದೇಶದಲ್ಲಿ ತೆರಿಗೆ ಪುಸ್ತಕದಿಂದ ಹೊರಬಿದ್ದರು. ಸಂಬಳದಾರರ ಮೂಲದಲ್ಲಿಯೇ ಕಡ್ಡಾಯವಾಗಿ ತೆರಿಗೆ ಕಡಿತ ಮಾಡುವ ಪದ್ಧತಿಯೂ ನಿಂತಿತು. ದರವನ್ನು ಮತ್ತೆ ಏರಿಸುವುದು ಒಂದು ದಿನದ ಕೆಲಸ. ಪುಸ್ತಕದಿಂದ ಹೊರಹೋದವರನ್ನು ಹುಡುಕಿ ಮರಳಿ ಸೇರಿಸುವುದು ಹಲವು ವರ್ಷಗಳ ಕೆಲಸ.

ಮುಂದಿನದು ಸರಪಳಿಯಂತೆ ನಡೆಯಿತು. ಆದಾಯ ಕುಸಿದಾಗ ರೇಟಿಂಗ್ ಸಂಸ್ಥೆಗಳು ದೇಶದ ಶ್ರೇಣಿಯನ್ನು ಇಳಿಸಿದವು, ಅದರಿಂದ ವಿದೇಶಿ ಮಾರುಕಟ್ಟೆಯಲ್ಲಿ ಹೊಸ ಸಾಲ ಹುಟ್ಟದಾಯಿತು, ಹಾಗಾಗಿ ಕೇಂದ್ರ ಬ್ಯಾಂಕು ನೋಟು ಮುದ್ರಿಸಿ ಸರ್ಕಾರದ ಬಿಲ್ಲುಗಳನ್ನು ಕೊಳ್ಳತೊಡಗಿತು. ಹೀಗೆ ಹುಟ್ಟಿದ ರೂಪಾಯಿಗಳು ಡಾಲರನ್ನು ಬೆನ್ನಟ್ಟಿದಾಗಲೂ ವಿನಿಮಯ ದರವನ್ನು 200 ರೂಪಾಯಿಯ ಆಸುಪಾಸಿನಲ್ಲಿ ಹಿಡಿದಿಡಲು ಮೀಸಲನ್ನು ಸುರಿಯಲಾಯಿತು. ಕೋವಿಡ್‌ನಿಂದ ಪ್ರವಾಸಿಗರು ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದರಿಂದ ಭತ್ತ ಮತ್ತು ಚಹಾದ ಇಳುವರಿ ಬಿತ್ತು. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ಮೀಸಲಿನಲ್ಲಿ, 2022ರ ಮೇ ಆರಂಭದ ಹೊತ್ತಿಗೆ ನಿಜವಾಗಿ ಬಳಸಬಹುದಾಗಿದ್ದುದು 5 ಕೋಟಿ ಡಾಲರಿಗೂ ಕಡಿಮೆ. ಏಪ್ರಿಲ್ 12ರಂದು ಹಣಕಾಸು ಸಚಿವಾಲಯ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿದ್ದಾಗಿ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ಶೇ 69.8 ಮುಟ್ಟಿತು.

ಈ ಕಥೆಗೆ ನ್ಯಾಯಾಲಯದಲ್ಲಿ ಒಂದು ಉಪಸಂಹಾರವಿದೆ, ಅದರತ್ತ ಹೊರಗಿನವರ ಗಮನ ಹೆಚ್ಚು ಹೋಗಲಿಲ್ಲ. 2023ರ ನವೆಂಬರ್‌ನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್, ಈ ಬಿಕ್ಕಟ್ಟಿನಲ್ಲಿ ಸಾರ್ವಜನಿಕ ನಂಬಿಕೆಗೆ ದ್ರೋಹವಾಗಿದೆ ಎಂದು ಬಹುಮತದ ತೀರ್ಪು ನೀಡಿತು. ಹೊಣೆಗಾರರ ಪಟ್ಟಿಯಲ್ಲಿ ರಾಜಪಕ್ಸ ಸಹೋದರರ ಜೊತೆಗೆ ಕೇಂದ್ರ ಬ್ಯಾಂಕಿನ ಮಾಜಿ ಗವರ್ನರ್‌ಗಳೂ ಖಜಾನೆಯ ಮಾಜಿ ಕಾರ್ಯದರ್ಶಿಯೂ ಇದ್ದರು. ಮಂತ್ರಿ ಹೇಳಿದ್ದನ್ನು ಮಾಡಿದೆವು ಎಂಬ ವಾದ ಉನ್ನತ ಅಧಿಕಾರಿಗಳಿಗೆ ರಕ್ಷಣೆಯಾಗಲಿಲ್ಲ.

ಮೂರು ಕಾಗದಗಳು

2023ರ ಮಾರ್ಚ್ 20ರಂದು ಐಎಂಎಫ್ ಮಂಡಳಿ ಶ್ರೀಲಂಕಾಕ್ಕೆ 48 ತಿಂಗಳ ಅವಧಿಯ, ಸುಮಾರು 300 ಕೋಟಿ ಡಾಲರಿನ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಮೊತ್ತ ದೊಡ್ಡದಲ್ಲ, ಅದರ ಬೆಲೆ ಇರುವುದು ಅದು ತೆರೆಯುವ ಬಾಗಿಲುಗಳಲ್ಲಿ. ಐಎಂಎಫ್ ಒಪ್ಪಿದರೆ ಮಾತ್ರ ವಿಶ್ವ ಬ್ಯಾಂಕು, ಏಷ್ಯಾ ಅಭಿವೃದ್ಧಿ ಬ್ಯಾಂಕುಗಳ ಹಣ ಸಲೀಸಾಗಿ ಬರುತ್ತದೆ, ಸಾಲ ಕೊಟ್ಟವರು ಮಾತುಕತೆಗೆ ಕೂರುತ್ತಾರೆ.

ಪ್ರತಿ ಪರಾಮರ್ಶೆಯ, ಅಂದರೆ ಕಂತು ಬಿಡುವ ಮೊದಲು ನಡೆಯುವ ಪರಿಶೀಲನೆಯ ಮುಂಚೆ ಐಎಂಎಫ್ ತಂಡವೊಂದು ಕೊಲಂಬೊಗೆ ಬರುತ್ತದೆ. ಮೇಜಿನ ಈ ಬದಿಯಲ್ಲಿ ಖಜಾನೆಯ ವಿತ್ತೀಯ ನೀತಿ ವಿಭಾಗ, ಒಳನಾಡು ಆದಾಯ ಇಲಾಖೆ, ಕಸ್ಟಮ್ಸ್, ಕೇಂದ್ರ ಬ್ಯಾಂಕಿನ ಅಧಿಕಾರಿಗಳು ಕೂರುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ಸಿಬ್ಬಂದಿ ಮಟ್ಟದ ಒಪ್ಪಂದ’ ಎಂಬ ಮಾತಿನ ಅರ್ಥ ಇಷ್ಟೇ: ಈ ಬದಿಯ ಅಧಿಕಾರಿಗಳೂ ಆ ಬದಿಯ ಅಧಿಕಾರಿಗಳೂ ಅಂಕಿಗಳ ಮೇಲೆ ಒಮ್ಮತಕ್ಕೆ ಬಂದಿದ್ದಾರೆ. ಅದರಿಂದ ಒಂದು ಡಾಲರೂ ಹುಟ್ಟುವುದಿಲ್ಲ. ಹಣ ಬಿಡುಗಡೆಯಾಗಬೇಕಾದರೆ ವಾಷಿಂಗ್ಟನ್ನಿನ ಮಂಡಳಿ ಒಪ್ಪಬೇಕು, ಅದಕ್ಕೂ ಮೊದಲು ಪೂರ್ವ ಷರತ್ತುಗಳು ಈಡೇರಿರಬೇಕು.

ಮಂಡಳಿಗೆ ಮೂರು ಕಾಗದಗಳು ಹೋಗುತ್ತವೆ. ಮೊದಲನೆಯದು ಉದ್ದೇಶ ಪತ್ರ, ಅದಕ್ಕೆ ಹಣಕಾಸು ಸಚಿವರೂ ಕೇಂದ್ರ ಬ್ಯಾಂಕಿನ ಗವರ್ನರೂ ಸಹಿ ಹಾಕುತ್ತಾರೆ. ಶ್ರೀಲಂಕಾದಲ್ಲಿ ಅಧ್ಯಕ್ಷರೇ ಹಣಕಾಸು ಸಚಿವರೂ ಆಗಿರುವುದರಿಂದ ಅದು ಅಧ್ಯಕ್ಷರ ಸಹಿ. ಎರಡನೆಯದು ನೀತಿಗಳ ಜ್ಞಾಪನ ಪತ್ರ, ಸರ್ಕಾರ ಏನೇನು ಮಾಡುತ್ತದೆ ಎಂಬ ಮಾತುಗಳು ಅದರಲ್ಲಿವೆ. ಮೂರನೆಯದು ತಾಂತ್ರಿಕ ಒಡಂಬಡಿಕೆ. ಅದನ್ನು ಓದುವವರು ಕಡಿಮೆ, ಯಾಕೆಂದರೆ ಅದರಲ್ಲಿ ಬರೀ ವ್ಯಾಖ್ಯೆಗಳಿವೆ. ಯಾವುದನ್ನು ಆದಾಯ ಎನ್ನಬೇಕು, ಯಾವುದು ಬಾಕಿ, ಯಾವ ದಿನದ ವಿನಿಮಯ ದರದಲ್ಲಿ ಮೀಸಲನ್ನು ಲೆಕ್ಕ ಹಾಕಬೇಕು ಎಂಬಂಥವು. ನೀತಿ ಅಧಿಕಾರಿಯ ನಿಜವಾದ ಕಸಬು ನಡೆಯುವುದು ಈ ಮೂರನೆಯ ಕಾಗದದಲ್ಲಿ.

ಒಂದು ಉದಾಹರಣೆ ಸಾಕು. ಗುರಿಗಳಲ್ಲಿ ಎರಡು ಜಾತಿಗಳಿವೆ. ಬಡ್ಡಿ ಪಾವತಿಯನ್ನು ಬಿಟ್ಟು ಸರ್ಕಾರದ ಆದಾಯ ಖರ್ಚಿಗಿಂತ ಎಷ್ಟು ಹೆಚ್ಚಿರಬೇಕು ಎಂಬ ಪ್ರಾಥಮಿಕ ಹೆಚ್ಚುವರಿಯ ಗುರಿ ಕಡ್ಡಾಯ ವರ್ಗದ್ದು. ಅದು ತಪ್ಪಿದರೆ ಮಂಡಳಿಯ ವಿನಾಯಿತಿ ಬೇಡಬೇಕು. ಬಡವರಿಗಾಗಿ ಇಷ್ಟಾದರೂ ಖರ್ಚು ಮಾಡಬೇಕು ಎಂಬ ಸಾಮಾಜಿಕ ವೆಚ್ಚದ ಕನಿಷ್ಠ ಮಿತಿಯೂ ಇದೆ, ಆದರೆ ಅದು ಬರೀ ಸೂಚಕ ಗುರಿ. ತಪ್ಪಿದರೆ ವಿನಾಯಿತಿಯ ಪ್ರಶ್ನೆಯೇ ಏಳುವುದಿಲ್ಲ, ವರದಿಯಲ್ಲಿ ಒಂದು ಸಾಲು ಬರುತ್ತದೆ ಅಷ್ಟೆ. 2025ರ ಫೆಬ್ರುವರಿಯಲ್ಲಿ ಮೂರನೆಯ ಪರಾಮರ್ಶೆ ಮುಗಿದಾಗ, 2024ರ ಡಿಸೆಂಬರ್ ಅಂತ್ಯದ ಅಂಕಿ ಗುರಿಗಳೆಲ್ಲ ಈಡೇರಿದ್ದವು, ಒಂದನ್ನು ಬಿಟ್ಟು. ಬಿಟ್ಟುಹೋದದ್ದು ಸಾಮಾಜಿಕ ವೆಚ್ಚ. ಕೆಲಸದ ಒತ್ತಡದಲ್ಲಿರುವ ಯಾವ ಕಚೇರಿಯೂ ದಂಡ ಬೀಳುವ ಕಡತವನ್ನೇ ಮೊದಲು ಎತ್ತಿಕೊಳ್ಳುತ್ತದೆ. ಹಾಗಾಗಿ ಇದರಲ್ಲಿ ಯಾರದೋ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಗುರಿಯನ್ನು ಯಾವ ಪಟ್ಟಿಗೆ ಹಾಕಲಾಯಿತು ಎಂಬುದರಲ್ಲಿಯೇ ಫಲಿತಾಂಶ ಅಡಗಿತ್ತು.

ಒಂದು ವಿದ್ಯುತ್ ಬಿಲ್ಲಿನ ಪ್ರಯಾಣ

ಅಧಿಕಾರಿಯ ಕೋಷ್ಟಕ ಮನೆಬಾಗಿಲಿಗೆ ಹೇಗೆ ಬರುತ್ತದೆ ಎಂಬುದನ್ನು ವಿದ್ಯುತ್ ದರ ಚೆನ್ನಾಗಿ ತೋರಿಸುತ್ತದೆ. ಸಿಲೋನ್ ವಿದ್ಯುತ್ ಮಂಡಳಿ ವರ್ಷಗಟ್ಟಲೆ ವೆಚ್ಚಕ್ಕಿಂತ ಕಡಿಮೆ ದರಕ್ಕೆ ವಿದ್ಯುತ್ ಮಾರಿತು. ಆ ನಷ್ಟ ಮಾಯವಾಗಲಿಲ್ಲ: ಮಂಡಳಿ ಇಂಧನ ನಿಗಮಕ್ಕೆ ಬಾಕಿ ಉಳಿಸಿಕೊಂಡಿತು, ನಿಗಮ ಸರ್ಕಾರಿ ಬ್ಯಾಂಕುಗಳಲ್ಲಿ ಸಾಲ ಮಾಡಿತು, ಕೊನೆಗೆ ಆ ಬ್ಯಾಂಕುಗಳ ಭಾರ ಖಜಾನೆಯ ಹೆಗಲೇರಿತು. ಆದ್ದರಿಂದ ವೆಚ್ಚಕ್ಕೆ ತಕ್ಕ ದರ ಎಂಬುದು ಕಾರ್ಯಕ್ರಮದ ಕಂಬಗಳಲ್ಲಿ ಒಂದಾಯಿತು. 2022ರ ಆಗಸ್ಟ್‌ನಲ್ಲಿ ದರ ಸರಾಸರಿ ಶೇ 75ರಷ್ಟು, 2023ರ ಫೆಬ್ರುವರಿಯಲ್ಲಿ ಮತ್ತೆ ಶೇ 66ರಷ್ಟು ಏರಿತು. ಹಿಂದೆ ಅತಿ ಹೆಚ್ಚು ಸಹಾಯಧನ ಸಿಗುತ್ತಿದ್ದ ಕಡಿಮೆ ಬಳಕೆಯ ಮನೆಗಳಿಗೇ ಶೇಕಡಾವಾರು ಲೆಕ್ಕದಲ್ಲಿ ದೊಡ್ಡ ಏಟು ಬಿತ್ತು. ಎರಡನೆಯ ಏರಿಕೆಯನ್ನು ವಿರೋಧಿಸಿದ ನಿಯಂತ್ರಣ ಆಯೋಗದ ಅಧ್ಯಕ್ಷರನ್ನು ಸಂಸತ್ತು ಅದೇ ವರ್ಷದ ಮೇ ತಿಂಗಳಲ್ಲಿ ಹುದ್ದೆಯಿಂದ ತೆಗೆದುಹಾಕಿತು.

2025ರ ಜನವರಿಯಲ್ಲಿ ಗಾಳಿ ತಿರುಗಿತು. ಆಗ ನಿಯಂತ್ರಣ ಆಯೋಗ ದರವನ್ನು ಸರಾಸರಿ ಶೇ 20ರಷ್ಟು ಇಳಿಸಿತು. ಹೊಸ ಸರ್ಕಾರಕ್ಕೆ ಅದು ಹಿತವಾದ ಸುದ್ದಿ. ಆದರೆ ಹೊಸ ದರ ವೆಚ್ಚಕ್ಕಿಂತ ಕೆಳಗಿದೆ ಎಂದು ಐಎಂಎಫ್ ತಂಡ ಹೇಳಿತು. ನಾಲ್ಕನೆಯ ಪರಾಮರ್ಶೆಗೆ ವೆಚ್ಚಕ್ಕೆ ತಕ್ಕ ದರವನ್ನು ಮರಳಿ ತರುವುದು ಪೂರ್ವ ಷರತ್ತಾಯಿತು. ಜೂನ್‌ನಲ್ಲಿ ದರ ಶೇ 15ರಷ್ಟು ಏರಿತು, ಜುಲೈ 1ರಂದು ಐಎಂಎಫ್ ಮಂಡಳಿ ಕಂತಿಗೆ ಒಪ್ಪಿಗೆ ಕೊಟ್ಟಿತು. ಐದು ತಿಂಗಳಲ್ಲಿ ಇಳಿದು ಏರಿದ ಬಿಲ್ಲನ್ನು ಕೈಯಲ್ಲಿ ಹಿಡಿದ ಗೃಹಿಣಿಗೆ ಇದು ಮೋಸ ಎನಿಸಿದರೆ ಆಶ್ಚರ್ಯವಿಲ್ಲ.

ಈ ಜಗಳ ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಹುಟ್ಟಿದ್ದು 1999ರ ವಿದ್ಯುತ್ ಸುಧಾರಣಾ ಕಾಯ್ದೆಯಿಂದ. 2001ರಲ್ಲಿ ಕರ್ನಾಟಕ ವಿಶ್ವ ಬ್ಯಾಂಕಿನಿಂದ ಪಡೆದ ಆರ್ಥಿಕ ಪುನಾರಚನೆ ಸಾಲದ ಮಾತುಕತೆಯಲ್ಲಿಯೂ ವಿದ್ಯುತ್ ಕ್ಷೇತ್ರವೇ ಮುಂಚೂಣಿಯಲ್ಲಿತ್ತು. ದರವನ್ನು ಆಯೋಗ ನಿರ್ಧರಿಸಲಿ, ರೈತರ ಪಂಪ್‌ಸೆಟ್ಟಿಗೆ ಉಚಿತ ಕೊಡುವುದಿದ್ದರೆ ಸರ್ಕಾರ ತನ್ನ ಬಜೆಟ್ಟಿನಿಂದ ಎಸ್ಕಾಂಗಳಿಗೆ ಕಟ್ಟಿಕೊಡಲಿ ಎಂಬ ವ್ಯವಸ್ಥೆ ಆ ಕಾಲದ ಫಲ. ಸಹಾಯಧನ ಇರಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಅದು ರಾಜಕಾರಣಕ್ಕೇ ಬಿಟ್ಟಿದೆ, ಅದರ ಮೊತ್ತವನ್ನು ಮಾತ್ರ ಎಲ್ಲರ ಕಣ್ಣಿಗೆ ಕಾಣುವಂತೆ ಬರೆಯಿಸುತ್ತದೆ. ಶ್ರೀಲಂಕಾದಲ್ಲಿ ಈಗ ನಡೆಯುತ್ತಿರುವುದು ಈ ಪಾಠವೇ. ಆದರೆ ದಿವಾಳಿಯಾದ ಮನೆಯಲ್ಲಿ, ಸಾಲಿಗರು ಜಗಲಿಯ ಮೇಲೆ ಕುಳಿತಿರುವಾಗ.

ಹೊರೆ ಯಾರ ಹೆಗಲಿಗೆ

ಸಾಲ ಎಷ್ಟಿದ್ದರೆ ತಾಳಿಕೊಳ್ಳಬಹುದು ಎಂಬುದಕ್ಕೂ ಒಂದು ಅಂಕಿ ಬೇಕು. ಸಾರ್ವಜನಿಕ ಸಾಲ 2032ರ ಹೊತ್ತಿಗೆ ಜಿಡಿಪಿಯ ಶೇ 95ಕ್ಕಿಂತ ಕೆಳಗಿಳಿಯಬೇಕೆಂದು ಕಾರ್ಯಕ್ರಮ ನಿಗದಿಪಡಿಸಿದೆ. ಸಾಲ ಕೊಟ್ಟವರು ಎಷ್ಟು ಬಿಟ್ಟುಕೊಡಬೇಕೆಂಬುದು ಈ ಅಂಕಿಯಿಂದ ಹುಟ್ಟುತ್ತದೆ. ಮಿತಿ ಶೇ 95ರ ಬದಲು ಶೇ 80 ಆಗಿದ್ದರೆ ಅವರು ಹೆಚ್ಚು ಕಳೆದುಕೊಳ್ಳಬೇಕಾಗುತ್ತಿತ್ತು. ಭಾರತ 2023ರ ಜನವರಿಯಲ್ಲಿಯೇ ಮೊದಲಿಗನಾಗಿ ಸಾಲ ಮರುಹೊಂದಿಸುವ ಭರವಸೆ ಪತ್ರ ಕೊಟ್ಟಿತು, ಜಪಾನ್ ಮತ್ತು ಫ್ರಾನ್ಸ್ ಜೊತೆ ಸಾಲ ಕೊಟ್ಟ ದೇಶಗಳ ಸಮಿತಿಯ ಸಹ ಅಧ್ಯಕ್ಷತೆ ವಹಿಸಿತು. 2024ರ ಜೂನ್ 26ರಂದು ಈ ಸಮಿತಿಯ ಜೊತೆಗೂ ಚೀನಾದ ಎಕ್ಸಿಮ್ ಬ್ಯಾಂಕಿನ ಜೊತೆಗೂ ಒಪ್ಪಂದವಾಯಿತು, ಡಿಸೆಂಬರ್‌ನಲ್ಲಿ ಸುಮಾರು 1,250 ಕೋಟಿ ಡಾಲರಿನ ಬಾಂಡುಗಳು ಹೊಸ ಬಾಂಡುಗಳಾಗಿ ಬದಲಾದವು.

ಹೊಸ ಬಾಂಡುಗಳಲ್ಲಿ ಕೆಲವು ವಿಚಿತ್ರವಾದವು. ದೇಶದ ಜಿಡಿಪಿ ನಿಗದಿತ ಮಟ್ಟ ದಾಟಿದರೆ ಶ್ರೀಲಂಕಾ ಹೆಚ್ಚು ಕೊಡಬೇಕು, ಕುಗ್ಗಿದರೆ ಕಡಿಮೆ. 2025ರಿಂದ 2027ರವರೆಗಿನ ಜಿಡಿಪಿಯ ಲೆಕ್ಕ ಇದನ್ನು ತೀರ್ಮಾನಿಸುತ್ತದೆ. ಹೀಗಾಗಿ ಅಂಕಿಅಂಶ ಇಲಾಖೆ ಪ್ರಕಟಿಸುವ ಒಂದು ಸಂಖ್ಯೆ ಕೋಟ್ಯಂತರ ಡಾಲರಿನ ಬೆಲೆಯುಳ್ಳದ್ದಾಗಿದೆ.

ದೇಶದೊಳಗಿನ ಸಾಲದ ಮರುಹೊಂದಾಣಿಕೆ ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕ ಮುಳ್ಳು. 2023ರಲ್ಲಿ ಕಾರ್ಮಿಕರ ಭವಿಷ್ಯ ನಿಧಿಗಳು ತಮ್ಮಲ್ಲಿದ್ದ ಸರ್ಕಾರಿ ಬಾಂಡುಗಳನ್ನು 2025ರವರೆಗೆ ಶೇ 12, ಆಮೇಲೆ ಶೇ 9 ಬಡ್ಡಿಯ ಬಾಂಡುಗಳಿಗೆ ಬದಲಾಯಿಸಿಕೊಳ್ಳಬೇಕಾಯಿತು. ಒಪ್ಪದಿದ್ದರೆ ಶೇ 14ರ ಬದಲು ಶೇ 30 ತೆರಿಗೆ. ಬ್ಯಾಂಕುಗಳ ಬಳಿಯಿದ್ದ ಬಾಂಡುಗಳನ್ನು ಮುಟ್ಟಲಿಲ್ಲ. ಬ್ಯಾಂಕುಗಳು ಕುಸಿದರೆ ಠೇವಣಿದಾರರೇ ಮುಳುಗುತ್ತಾರೆ, ಅವು ಆಗಲೇ ಕೆಟ್ಟ ಸಾಲಗಳಿಂದ ಬಳಲುತ್ತಿವೆ ಎಂಬುದು ಅಧಿಕಾರಿಗಳ ಸಮರ್ಥನೆ. ಅದನ್ನು ತಳ್ಳಿಹಾಕಲಾಗದು. ಆದರೂ ಗಾರ್ಮೆಂಟ್ ಕಾರ್ಖಾನೆಯ ಹೊಲಿಗೆಯಾಕೆಯ ನಿವೃತ್ತಿ ಹಣ ದೇಶದ ದಿವಾಳಿಗೆ ಪಾಲು ಕೊಟ್ಟಿತು, ಬ್ಯಾಂಕಿನ ಷೇರುದಾರ ಕೊಡಲಿಲ್ಲ ಎಂಬ ಕಾರ್ಮಿಕ ಸಂಘಗಳ ಆಕ್ಷೇಪಕ್ಕೆ ಸಮಾಧಾನಕರ ಉತ್ತರ ಈವರೆಗೂ ಸಿಕ್ಕಿಲ್ಲ.

ಎರಡು ವಾದಗಳು

ಕಾರ್ಯಕ್ರಮವನ್ನು ಸಮರ್ಥಿಸುವವರ ಬಳಿ ಗಟ್ಟಿಯಾದ ಅಂಕಿಗಳಿವೆ. ಶೇ 70ರ ಹತ್ತಿರವಿದ್ದ ಹಣದುಬ್ಬರ ಒಂದು ವರ್ಷದೊಳಗೆ ಒಂದಂಕಿಗೆ ಇಳಿಯಿತು. ಮೀಸಲು 2024ರ ಕೊನೆಗೆ 600 ಕೋಟಿ ಡಾಲರ್ ದಾಟಿತು. ಜಿಡಿಪಿಯ ಶೇ 8ರ ಆಸುಪಾಸಿಗೆ ಕುಸಿದಿದ್ದ ಸರ್ಕಾರದ ಆದಾಯ ಎರಡೇ ವರ್ಷಗಳಲ್ಲಿ ಶೇ 13 ಮೀರಿತು. 2024ರಲ್ಲಿ ಆರ್ಥಿಕತೆ ಶೇ 5ರಷ್ಟು ಬೆಳೆಯಿತು. 2023ರ ಕೇಂದ್ರ ಬ್ಯಾಂಕ್ ಕಾಯ್ದೆ ನೋಟು ಮುದ್ರಿಸಿ ಸರ್ಕಾರಕ್ಕೆ ಕೊಡುವುದನ್ನು ನಿಷೇಧಿಸಿತು, ಬ್ಯಾಂಕಿನ ಮಂಡಳಿಯಲ್ಲಿದ್ದ ಖಜಾನೆ ಕಾರ್ಯದರ್ಶಿಯ ಕುರ್ಚಿಯನ್ನೂ ತೆಗೆಯಿತು.

ಎದುರು ಪಕ್ಷದವರು ಈ ಅಂಕಿಗಳನ್ನು ಅಲ್ಲಗಳೆಯುವುದಿಲ್ಲ, ಅವುಗಳ ಬೆಲೆಯನ್ನು ಕೇಳುತ್ತಾರೆ. ಆದಾಯ ಏರಿದ್ದು ಬಹುಪಾಲು ಶೇ 18ಕ್ಕೆ ಮುಟ್ಟಿದ ವ್ಯಾಟ್‌ನಿಂದ ಮತ್ತು ಇತರ ಪರೋಕ್ಷ ತೆರಿಗೆಗಳಿಂದ, ಅಂದರೆ ಬಡವರ ಸಂತೆ ಚೀಲದಿಂದಲೂ. ವಿಶ್ವ ಬ್ಯಾಂಕಿನ ಅಂದಾಜಿನಲ್ಲಿಯೇ ಬಡತನ 2019ರ ಎರಡರಷ್ಟಾಗಿದೆ. ಸಾಲ ವಿನಾಯಿತಿ ತೀರ ಕಡಿಮೆಯಾಯಿತು, ಒಂದು ಬಿರುಗಾಳಿ ಬಡಿದರೆ ಸಾಕು ದೇಶ ಮತ್ತೆ ಬಾಕಿದಾರನಾಗುತ್ತದೆ ಎಂಬ ಎಚ್ಚರಿಕೆ ಮೊದಲಿನಿಂದಲೂ ಇತ್ತು. ಬಿರುಗಾಳಿ ನಿಜವಾಗಿಯೇ ಬಂದ ಮೇಲೆ, ಜೋಸೆಫ್ ಸ್ಟಿಗ್ಲಿಟ್ಜ್, ಜಯತಿ ಘೋಷ್ ಸೇರಿದಂತೆ ನೂರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಾಲದ ಪಾವತಿಯನ್ನು ಸದ್ಯಕ್ಕೆ ನಿಲ್ಲಿಸಬೇಕೆಂದು ಡಿಸೆಂಬರ್‌ನಲ್ಲಿ ಒತ್ತಾಯಿಸಿದರು.

ಸರ್ಕಾರ ಬದಲಾದರೂ ದಾರಿ ಬದಲಾಗಲಿಲ್ಲ

2024ರ ಸೆಪ್ಟೆಂಬರ್‌ನಲ್ಲಿ ಅನುರ ಕುಮಾರ ದಿಸ್ಸಾನಾಯಕೆ ಅಧ್ಯಕ್ಷರಾಗಿ ಗೆದ್ದರು, ನವೆಂಬರ್‌ನಲ್ಲಿ ಅವರ ಪಕ್ಷಕೂಟವಾದ ಎನ್‌ಪಿಪಿ ಸಂಸತ್ತಿನ 225ರಲ್ಲಿ 159 ಸ್ಥಾನ ಪಡೆಯಿತು. ಒಪ್ಪಂದವನ್ನು ಜನಪರವಾಗಿ ತಿದ್ದುತ್ತೇವೆ ಎಂದವರು ಗೆದ್ದ ಮೇಲೆ ಅದನ್ನು ಬಹುತೇಕ ಹಾಗೆಯೇ ಮುಂದುವರಿಸಿದರು. ವಿರೋಧಿಗಳು ಇದನ್ನು ಶರಣಾಗತಿ ಎಂದರು. ಕಾರಣ ಸರಳವಾದದ್ದು: ಬಾಂಡು ವಿನಿಮಯ ಆಗಿನ್ನೂ ಮುಗಿದಿರಲಿಲ್ಲ, ಅಂಕಿಗಳನ್ನು ಮರಳಿ ತೆರೆದರೆ ಎಲ್ಲ ಸಾಲಿಗರ ಜೊತೆ ಮೊದಲಿನಿಂದ ಮಾತಾಡಬೇಕಿತ್ತು.

ಅಧಿಕಾರಿಗಳೂ ಬದಲಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದು ಮರುದಿನವೇ ಬಡ್ಡಿ ದರವನ್ನು ಏಳು ಶೇಕಡಾ ಅಂಶ ಏರಿಸಿದ ಗವರ್ನರ್ ನಂದಲಾಲ್ ವೀರಸಿಂಘೆ, ಅದೇ ಸಮಯಕ್ಕೆ ಖಜಾನೆಗೆ ಬಂದ ಮಹಿಂದ ಸಿರಿವರ್ಧನ ಇಬ್ಬರೂ ಮುಂದುವರಿದರು. ವೀರಸಿಂಘೆ ಹಿಂದೆ ಐಎಂಎಫ್ ಮಂಡಳಿಯಲ್ಲಿ ಶ್ರೀಲಂಕಾದ ಪರವಾಗಿ ಪರ್ಯಾಯ ನಿರ್ದೇಶಕರಾಗಿದ್ದವರು. ಮೇಜಿನ ಎರಡೂ ಬದಿಯ ಭಾಷೆ ಬಲ್ಲವರು ಬೇಕೇಬೇಕು ಎಂಬುದು ಒಂದು ನೋಟ, ಎರಡೂ ಬದಿಯಲ್ಲಿ ಒಂದೇ ಮನೆತನದವರು ಕುಳಿತಂತಾಯಿತು ಎಂಬುದು ಇನ್ನೊಂದು. 2025ರ ಜೂನ್‌ನಲ್ಲಿ ಸಿರಿವರ್ಧನ ಹೊರನಡೆದಾಗ ಸರ್ಕಾರ ತನ್ನದೇ ಉಪ ಸಚಿವರಾಗಿದ್ದ ಹರ್ಷಣ ಸೂರಿಯಪ್ಪೆರುಮ ಅವರನ್ನು ಸಂಸತ್ ಸ್ಥಾನಕ್ಕೆ ರಾಜೀನಾಮೆ ಕೊಡಿಸಿ ಖಜಾನೆ ಕಾರ್ಯದರ್ಶಿ ಮಾಡಿತು. ಜನರಿಂದ ಆರಿಸಿಬಂದವರು ಲೆಕ್ಕದ ಕೋಣೆಯೊಳಗೆ ಕಾಲಿಡಲು ಮಾಡಿದ ಪ್ರಯತ್ನ ಎಂದು ಇದನ್ನು ಓದಬಹುದು, ವೃತ್ತಿಪರ ಹುದ್ದೆಯೊಂದು ಪಕ್ಷದ ಪಾಲಾಯಿತು ಎಂದೂ ಓದಬಹುದು.

ಭಾರತದಲ್ಲಿಯೂ ಇಂಥ ಗಳಿಗೆ ಬಂದಿತ್ತು. 1991ರ ಜುಲೈ 1ರಂದು ರೂಪಾಯಿ ಅಪಮೌಲ್ಯದ ಮೊದಲ ಹೆಜ್ಜೆ ಇಟ್ಟ ಮೇಲೆ, ಟೀಕೆಗೆ ಅಳುಕಿದ ಪ್ರಧಾನಿ ನರಸಿಂಹರಾವ್ ಎರಡನೆಯ ಹೆಜ್ಜೆಯನ್ನು ತಡೆಯಬಯಸಿದರು. ಜುಲೈ 3ರ ಬೆಳಿಗ್ಗೆ ಮನಮೋಹನ್ ಸಿಂಗ್ ಫೋನು ಮಾಡುವ ಹೊತ್ತಿಗೆ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅದನ್ನು ಮುಗಿಸಿಬಿಟ್ಟಿದ್ದರು. ಮುಂದೆ ಎಲ್ಲವೂ ಸರಿಹೋದದ್ದರಿಂದ ಆ ಬೆಳಗನ್ನು ನಾವು ಸ್ವಾರಸ್ಯದ ಪ್ರಸಂಗವಾಗಿ ನೆನೆಯುತ್ತೇವೆ. ಸರಿಹೋಗದಿದ್ದರೆ ಅದಕ್ಕೆ ಬೇರೆ ಹೆಸರು ಬೀಳುತ್ತಿತ್ತು.

ಮುಂದೇನು

ಶ್ರೀಲಂಕಾದ 2024ರ ಸಾರ್ವಜನಿಕ ಹಣಕಾಸು ನಿರ್ವಹಣಾ ಕಾಯ್ದೆ ಬಡ್ಡಿಯೇತರ ಖರ್ಚಿಗೆ ಜಿಡಿಪಿಯ ಶೇ 13ರ ಮಿತಿ ಹಾಕಿದೆ. ಸಾಮಾನ್ಯ ವರ್ಷದಲ್ಲಿ ಇದು ಒಳ್ಳೆಯ ಕಡಿವಾಣ. ಕೊಚ್ಚಿಹೋದ ರಸ್ತೆ, ಶಾಲೆ, ಮನೆಗಳನ್ನು ಮತ್ತೆ ಕಟ್ಟಬೇಕಾದ ವರ್ಷದಲ್ಲಿ ಅದೇ ಮಿತಿ ಕುತ್ತಿಗೆಯ ಹಗ್ಗವಾಗುತ್ತದೆ. ಜೊತೆಗೆ ಪ್ರಾಥಮಿಕ ಹೆಚ್ಚುವರಿ ಜಿಡಿಪಿಯ ಶೇ 2.3 ಇರಬೇಕೆಂಬ ಗುರಿ. ಪುನರ್ನಿರ್ಮಾಣದ ಖರ್ಚನ್ನು ಈ ಗುರಿಯ ಹೊರಗಿಟ್ಟರೆ ದೇಶಕ್ಕೆ ಉಸಿರು ಸಿಗುತ್ತದೆ, ಸಾಲದ ಮಾರ್ಗ ಸ್ವಲ್ಪ ಏರುತ್ತದೆ. ಒಳಗಿಟ್ಟರೆ ಬೇರೆ ಯಾವುದಾದರೂ ಖರ್ಚನ್ನು ಕಡಿಯಬೇಕು, ಮತ್ತು ತಪ್ಪಿದರೆ ಯಾರೂ ಕೇಳದ ಬಾಬ್ತೇ ಮೊದಲು ಕತ್ತರಿಗೆ ಸಿಗುತ್ತದೆ ಎಂಬುದನ್ನು ಸಾಮಾಜಿಕ ವೆಚ್ಚದ ಅನುಭವ ಈಗಾಗಲೇ ತೋರಿಸಿದೆ.

ಕಾರ್ಯಕ್ರಮದ 48 ತಿಂಗಳು ಮುಗಿಯುವುದು 2027ರ ಮಾರ್ಚ್‌ಗೆ, ಮರುಹೊಂದಿಸಿದ ದ್ವಿಪಕ್ಷೀಯ ಸಾಲಗಳ ಅಸಲು ಕಟ್ಟಲು ಶುರುವಾಗುವುದು 2028ಕ್ಕೆ. ಹೀಗಾಗಿ ಚಂಡಮಾರುತದಿಂದ ಮುಂದಕ್ಕೆ ಹೋದ ಐದನೆಯ ಪರಾಮರ್ಶೆಯ ಕಾಗದಗಳಲ್ಲಿ ಅಧ್ಯಕ್ಷರ ಪತ್ರಕ್ಕಿಂತ ತಾಂತ್ರಿಕ ಒಡಂಬಡಿಕೆಯಲ್ಲಿ ಮೊದಲು ಹುಡುಕಬೇಕಾದ ಸಾಲುಗಳು ಎರಡು. ಚಂಡಮಾರುತದ ಖರ್ಚನ್ನು ಪ್ರಾಥಮಿಕ ಲೆಕ್ಕದಲ್ಲಿ ಹೇಗೆ ವ್ಯಾಖ್ಯಾನಿಸಲಾಗಿದೆ ಎಂಬುದು ಒಂದು. ಸಾಮಾಜಿಕ ವೆಚ್ಚದ ಕನಿಷ್ಠ ಮಿತಿ ಇನ್ನೂ ಸೂಚಕ ಪಟ್ಟಿಯಲ್ಲಿಯೇ ಇದೆಯೇ, ಕಡ್ಡಾಯದ ಪಟ್ಟಿಗೆ ಬಂದಿದೆಯೇ ಎಂಬುದು ಇನ್ನೊಂದು.